ಮನೆಯವರು ಬೇಡವೆನ್ನುವಾಗ ಜೀವವಿಕಾಸದ ಪಾಠ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಜೀವವಿಕಾಸದ ಪಾಠ ಬಂದಾಗಲೆಲ್ಲ ಕೆಲವು ಮಕ್ಕಳು ‘ನಮ್ಮ ಧರ್ಮದಲ್ಲಿ ಹೀಗೆ ಹೇಳಿಲ್ಲ’ ಎನ್ನುತ್ತಾರೆ. ಈ ವರ್ಷ ಇಬ್ಬರು ಪೋಷಕರು ಬಂದು ಆ ಪಾಠವನ್ನೇ ಬಿಡಬೇಕೆಂದು ಕೇಳಿದರು. ಮುಖ್ಯಶಿಕ್ಷಕರು ‘ಮನೆಯಲ್ಲಿ ಓದಿಕೊಳ್ಳಲಿ, ನೀವು ಮುಂದಿನ ಪಾಠಕ್ಕೆ ಹೋಗಿ’ ಎಂದಿದ್ದಾರೆ. ಮಕ್ಕಳ ನಂಬಿಕೆಗೆ ನೋವಾಗದಂತೆ ಇದನ್ನು ಕಲಿಸಲು ಸಾಧ್ಯವೇ? ಎರಡೂ ಕಡೆಯ ಮಾತನ್ನು ಹೇಳಿ, ತೀರ್ಮಾನವನ್ನು ಮಕ್ಕಳಿಗೇ ಬಿಡುವುದು ನ್ಯಾಯವಲ್ಲವೇ? ಇನ್ನೊಂದು ಮಾತು: ಒಬ್ಬ ಹುಡುಗಿ ‘ನೀವು ದೇವರನ್ನು ನಂಬುತ್ತೀರಾ?’ ಎಂದು ಕೇಳಿದಳು. ನನಗೆ ಉತ್ತರ ಕೊಡಲಾಗಲಿಲ್ಲ.

ಉತ್ತರ: ಸಾಧ್ಯವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತರಗತಿಯಲ್ಲಿ ನೀವು ಮಕ್ಕಳಿಂದ ಏನನ್ನು ಕೇಳುತ್ತಿದ್ದೀರಿ ಎಂಬುದು ನಿಮಗೆ ಸ್ಪಷ್ಟವಿರಬೇಕು. ಜೀವವಿಕಾಸ ಎಂದರೇನು, ಅದಕ್ಕೆ ಆಧಾರವೇನು, ವಿಜ್ಞಾನಿಗಳು ಆ ತೀರ್ಮಾನಕ್ಕೆ ಹೇಗೆ ಬಂದರು ಎಂಬುದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕೆಂದು ಕೇಳುವ ಅಧಿಕಾರ ಶಾಲೆಗೆ ಪೂರ್ತಿಯಾಗಿ ಇದೆ. ಮನೆಯಲ್ಲಿ ಕಲಿತ ನಂಬಿಕೆಯನ್ನು ಕೈಬಿಟ್ಟು ಇದಕ್ಕೆ ತಲೆಬಾಗಬೇಕೆಂದು ಕೇಳುವ ಅಧಿಕಾರ ಶಾಲೆಗೆ ಇಲ್ಲ. ಈ ಗೆರೆಯನ್ನು ನೀವು ಮೊದಲ ದಿನವೇ ಮಕ್ಕಳ ಮುಂದೆ ಬಾಯಿಬಿಟ್ಟು ಎಳೆದರೆ ಅರ್ಧದಷ್ಟು ಬಿಗುವು ಅಲ್ಲೇ ಸಡಿಲವಾಗುತ್ತದೆ. ಪರೀಕ್ಷೆಯಲ್ಲಿ ಅಂಕ ಬರುವುದು ತಿಳಿವಳಿಕೆಗೆ. ಮನಸ್ಸಾಕ್ಷಿಗೆ ಅಂಕ ಕೊಡುವವರು ಇಲ್ಲಿ ಯಾರೂ ಇಲ್ಲ ಎಂದು ಹೇಳಿ. ಹೀಗೆ ಹೇಳುವುದು ಜಾಣತನದ ನುಣುಚಿಕೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಏಕೆಂದರೆ ಈ ಮಾತಿನ ಇನ್ನೊಂದು ಮಗ್ಗುಲನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗುತ್ತದೆ: ನಂಬುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ಜೀವಿಗಳಿಗೆ ಸಮಾನ ಪೂರ್ವಜರಿದ್ದಾರೆ ಎಂಬುದು ವಿಜ್ಞಾನದಲ್ಲಿ ಇತ್ಯರ್ಥವಾದ ಸಂಗತಿ, ಅದನ್ನು ಅರಿಯದೆ ಈ ತರಗತಿಯಿಂದ ಯಾರೂ ಮುಂದೆ ಹೋಗುವಂತಿಲ್ಲ.

ನಿಮ್ಮ ಮುಖ್ಯಶಿಕ್ಷಕರ ಸಲಹೆ ಶಾಂತಿಯ ಬಯಕೆಯಿಂದ ಬಂದಿರಬಹುದು. ಆದರೂ ನೀವು ವಿವರಿಸಿದ ಪರಿಸ್ಥಿತಿಯಲ್ಲಿ ನನ್ನನ್ನು ಅತಿ ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ಆ ಸಲಹೆಯೇ, ಪೋಷಕರ ಆಕ್ಷೇಪವಲ್ಲ. ಅಮೆರಿಕದ ಇಬ್ಬರು ರಾಜ್ಯಶಾಸ್ತ್ರಜ್ಞರು, ಮೈಕೆಲ್ ಬರ್ಕ್‌ಮನ್ ಮತ್ತು ಎರಿಕ್ ಪ್ಲುಟ್ಜರ್, ಅಲ್ಲಿನ 926 ಪ್ರೌಢಶಾಲಾ ಜೀವಶಾಸ್ತ್ರ ಶಿಕ್ಷಕರ ಸಮೀಕ್ಷೆಯನ್ನು ವಿಶ್ಲೇಷಿಸಿ 2011ರಲ್ಲಿ ಪ್ರಕಟಿಸಿದರು. ಜೀವವಿಕಾಸವನ್ನು ನೇರವಾಗಿ, ಸ್ಥಿರವಾಗಿ ಕಲಿಸುತ್ತಿದ್ದವರು ಸುಮಾರು ಶೇಕಡಾ 28. ಜೀವಿಗಳನ್ನು ದೇವರೇ ನೇರವಾಗಿ ಸೃಷ್ಟಿಸಿದನೆಂಬ ಸೃಷ್ಟಿವಾದದ ಪರವಾಗಿ ಬಹಿರಂಗವಾಗಿ ನಿಂತವರು ಸುಮಾರು ಶೇಕಡಾ 13. ಉಳಿದ ಶೇಕಡಾ 60ರಷ್ಟು ಶಿಕ್ಷಕರು ಇತ್ತ ವಿರೋಧಿಸದೆ, ಅತ್ತ ಕಲಿಸಲೂ ಧೈರ್ಯ ಸಾಲದೆ, ಪಾಠವನ್ನು ತೇಲಿಸಿಕೊಂಡು ಹೋಗುತ್ತಿದ್ದರು. ಸೂಕ್ಷ್ಮಜೀವಿಗಳ ಬದಲಾವಣೆಯನ್ನು ಹೇಳಿ ಮನುಷ್ಯನ ವಿಷಯ ಬಿಡುವುದು, ‘ಪರೀಕ್ಷೆಗೆ ಬರುತ್ತದೆ, ಅಷ್ಟಕ್ಕಾಗಿ ಓದಿ’ ಎನ್ನುವುದು, ಇವೆಲ್ಲ ಆ ತೇಲಿಸುವಿಕೆಯ ರೂಪಗಳು. ವಿರೋಧಿಗಳು ಗದ್ದಲದಿಂದ ಸಾಧಿಸಲಾಗದ್ದನ್ನು ಈ ಶಿಕ್ಷಕರ ಮೌನ ಸಾಧಿಸಿಕೊಡುತ್ತದೆ. ಮಕ್ಕಳು ಮೌನವನ್ನು ಬಹಳ ಚೆನ್ನಾಗಿ ಓದುತ್ತಾರೆ. ಶಿಕ್ಷಕರೇ ಹಿಂಜರಿಯುತ್ತಿದ್ದಾರೆ ಎಂದಾದರೆ ವಿಷಯದಲ್ಲೇ ಏನೋ ಹುಳುಕಿದೆ ಎಂದು ಅವರು ತೀರ್ಮಾನಿಸಿಬಿಡುತ್ತಾರೆ.

ಮೌನದ ಪರಿಣಾಮ ಎಷ್ಟು ದೀರ್ಘಕಾಲ ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಟೆನೆಸಿ ರಾಜ್ಯದ ಕಥೆಯೇ ಸಾಕು. 1925ರಲ್ಲಿ ಅಲ್ಲಿ, ಶಾಲೆಗಳಲ್ಲಿ ಮನುಷ್ಯನ ವಿಕಾಸವನ್ನು ಕಲಿಸಬಾರದೆಂಬ ಬಟ್ಲರ್ ಕಾಯಿದೆ ಬಂತು. ಅದೇ ವರ್ಷ ಡೇಟನ್ ಎಂಬ ಊರಿನ ಯುವ ಶಿಕ್ಷಕ ಜಾನ್ ಸ್ಕೋಪ್ಸ್ ಮೇಲೆ ಅದನ್ನು ಮುರಿದ ಆರೋಪದ ಮೊಕದ್ದಮೆ ನಡೆದು 100 ಡಾಲರ್ ದಂಡ ಬಿತ್ತು. 1927ರಲ್ಲಿ ಮೇಲಿನ ನ್ಯಾಯಾಲಯ ತಾಂತ್ರಿಕ ಕಾರಣಕ್ಕೆ ಆ ತೀರ್ಪನ್ನು ರದ್ದು ಮಾಡಿತಾದರೂ ಕಾಯಿದೆ ಹಾಗೆಯೇ ಉಳಿಯಿತು, ಅದನ್ನು ತೆಗೆದುಹಾಕಿದ್ದು 1967ರಲ್ಲಿ. ಈ ನಡುವಿನ ದಶಕಗಳಲ್ಲಿ ಪ್ರಕಾಶಕರು ತಾವಾಗಿಯೇ ಪಠ್ಯಪುಸ್ತಕಗಳಿಂದ ಜೀವವಿಕಾಸವನ್ನು ಕುಗ್ಗಿಸುತ್ತ, ಮರೆಮಾಡುತ್ತ ಬಂದರು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿ, ಅಮೆರಿಕ ತನ್ನ ವಿಜ್ಞಾನ ಶಿಕ್ಷಣದ ಸ್ಥಿತಿ ಕಂಡು ಗಾಬರಿಗೊಂಡ ಮೇಲೆಯೇ 1960ರ ದಶಕದ ಹೊಸ ಪುಸ್ತಕಗಳಲ್ಲಿ ಅದು ತಲೆಯೆತ್ತಿತು. ಒಂದು ಇಡೀ ತಲೆಮಾರಿಗೆ ಜೀವಶಾಸ್ತ್ರದ ಬೆನ್ನೆಲುಬಿಲ್ಲದ ಜೀವಶಾಸ್ತ್ರ ಸಿಕ್ಕಿತು.

ಬಟ್ಲರ್ ಕಾಯಿದೆಯ ಬಗ್ಗೆ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಂಶವಿದೆ. ಸಸ್ಯಗಳು, ಪ್ರಾಣಿಗಳು ಬದಲಾಗುತ್ತ ಬಂದಿವೆ ಎಂದು ಕಲಿಸುವುದನ್ನು ಆ ಕಾಯಿದೆ ನಿಷೇಧಿಸಿರಲಿಲ್ಲ. ಅದು ನಿಷೇಧಿಸಿದ್ದು ಮನುಷ್ಯನು ಕೆಳವರ್ಗದ ಪ್ರಾಣಿಗಳಿಂದ ಬಂದವನು ಎಂಬ ಬೋಧನೆಯನ್ನು. ಬಾಳೆಗಿಡದ ಪೂರ್ವಜರ ಬಗ್ಗೆ, ಕುದುರೆಯ ಗೊರಸಿನ ಬಗ್ಗೆ ಯಾವ ಊರಿನಲ್ಲಿಯೂ ಪೋಷಕರು ಜಗಳಕ್ಕೆ ಬರುವುದಿಲ್ಲ. ನಾನು ಯಾರು, ನನಗೆ ಈ ಜಗತ್ತಿನಲ್ಲಿ ವಿಶೇಷ ಸ್ಥಾನವಿದೆಯೇ ಎಂಬ ಪ್ರಶ್ನೆ ತಟ್ಟಿದಾಗ ಮಾತ್ರ ನೋವಾಗುತ್ತದೆ. ಇದನ್ನು ಅರಿತ ಶಿಕ್ಷಕರು ಪಳೆಯುಳಿಕೆಯ ಮೇಲೆ ಪಳೆಯುಳಿಕೆ ಪೇರಿಸಿ ಮಗುವನ್ನು ಸೋಲಿಸಲು ಹೊರಡುವುದಿಲ್ಲ. ಹಾಗೆಂದು ಮನುಷ್ಯನ ಭಾಗವನ್ನು ಬಿಟ್ಟು ಉಳಿದದ್ದನ್ನು ಕಲಿಸುವುದೂ ಪರಿಹಾರವಲ್ಲ, ಅದು 1925ರ ಕಾಯಿದೆಯನ್ನು ಯಾರೂ ಹೇಳದೆಯೇ ಪಾಲಿಸಿದಂತೆ.

ಎರಡೂ ಕಡೆಯ ಮಾತು ಹೇಳುವುದು ನ್ಯಾಯವಲ್ಲವೇ ಎಂದು ಕೇಳಿದ್ದೀರಿ. ಕೇಳಲು ಇದಕ್ಕಿಂತ ಸಮಂಜಸವಾದ ಮಾತು ಬೇರೆ ಇಲ್ಲ ಎನ್ನಿಸುತ್ತದೆ, ಹಾಗಾಗಿಯೇ ಇದನ್ನು ನಿಧಾನವಾಗಿ ನೋಡಬೇಕು. ಇಬ್ಬರ ಜಮೀನಿನ ವ್ಯಾಜ್ಯದಲ್ಲಿ ಇಬ್ಬರ ಮಾತನ್ನೂ ಕೇಳುವುದು ನ್ಯಾಯ. ಆದರೆ ವಿಜ್ಞಾನದ ಒಂದು ಹೇಳಿಕೆ ಶಾಲೆಯ ಬಾಗಿಲಿಗೆ ಬರುವ ಮುಂಚೆ ಬೇರೆ ಕಡೆ ಪರೀಕ್ಷೆಗಳನ್ನು ದಾಟಿ ಬಂದಿರುತ್ತದೆ: ಪ್ರಯೋಗಶಾಲೆ, ಉತ್ಖನನ, ಸಹೋದ್ಯೋಗಿಗಳ ಕಟುವಾದ ವಿಮರ್ಶೆ. ಆ ದಾರಿಯಲ್ಲಿ ನಡೆಯದ ಹೇಳಿಕೆಯೊಂದನ್ನು ನೇರವಾಗಿ ತರಗತಿಗೆ ತಂದು ಹದಿನಾಲ್ಕು ವರ್ಷದ ಮಕ್ಕಳನ್ನು ನ್ಯಾಯಾಧೀಶರನ್ನಾಗಿ ಕೂರಿಸಿದರೆ ಅದು ಮಕ್ಕಳಿಗೂ ಅನ್ಯಾಯ, ದಾರಿ ನಡೆದು ಬಂದವರಿಗೂ ಅನ್ಯಾಯ. ಲೂಯಿಸಿಯಾನ ರಾಜ್ಯ 1981ರಲ್ಲಿ ಇಂಥದೇ ‘ಸಮತೋಲನ’ದ ಕಾಯಿದೆ ಮಾಡಿತ್ತು: ಜೀವವಿಕಾಸ ಕಲಿಸಿದರೆ ‘ಸೃಷ್ಟಿವಿಜ್ಞಾನ’ವನ್ನೂ ಕಲಿಸಬೇಕು ಎಂದು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಆ ಮೊಕದ್ದಮೆಯಲ್ಲಿ 72 ಮಂದಿ ನೊಬೆಲ್ ಪುರಸ್ಕೃತರು ಕಾಯಿದೆಯ ವಿರುದ್ಧ ಒಟ್ಟಾಗಿ ನ್ಯಾಯಾಲಯಕ್ಕೆ ತಮ್ಮ ಅಭಿಪ್ರಾಯ ಸಲ್ಲಿಸಿದ್ದರು.

ಮುಂದೆ ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ಅದೇ ಬೇಡಿಕೆ ‘ಬುದ್ಧಿವಂತ ವಿನ್ಯಾಸ’ (ಜೀವಿಗಳನ್ನು ಬುದ್ಧಿಯುಳ್ಳ ಯಾರೋ ವಿನ್ಯಾಸಗೊಳಿಸಿರಬೇಕು ಎಂಬ ವಾದ) ಎಂಬ ಹೊಸ ಹೆಸರಿನಲ್ಲಿ ಬಂದಾಗ ಒಂಬತ್ತನೇ ತರಗತಿಯಲ್ಲಿ ಅದನ್ನು ಪರಿಚಯಿಸುವ ಹೇಳಿಕೆಯೊಂದನ್ನು ಓದಿಹೇಳಲು ಶಾಲಾ ಮಂಡಳಿ ವಿಜ್ಞಾನ ಶಿಕ್ಷಕರಿಗೆ ಸೂಚಿಸಿತು. ಶಿಕ್ಷಕರು ನಿರಾಕರಿಸಿದರು, ಕೊನೆಗೆ ಆಡಳಿತದವರೇ ಬಂದು ಓದಬೇಕಾಯಿತು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್, ಬುದ್ಧಿವಂತ ವಿನ್ಯಾಸವು ವಿಜ್ಞಾನವಲ್ಲ ಎಂದು ತೀರ್ಪಿತ್ತರು. ಅಲ್ಲಿ ಜೀವವಿಕಾಸದ ಪರವಾಗಿ ಸಾಕ್ಷಿ ನುಡಿದವರಲ್ಲಿ ಪ್ರಮುಖರಾದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಆಸ್ತಿಕ ಕ್ಯಾಥೊಲಿಕರು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಚರ್ಚೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಜವಾಗಿ ಬಗೆಹರಿಯದ ಪ್ರಶ್ನೆಗಳು ಈ ಕ್ಷೇತ್ರದಲ್ಲಿ ಬೇಕಾದಷ್ಟಿವೆ. ಮೊದಲ ಜೀವಕೋಶ ಹೇಗೆ ಹುಟ್ಟಿತು, ಒಂದು ನಿರ್ದಿಷ್ಟ ಬದಲಾವಣೆಯಲ್ಲಿ ನಿಸರ್ಗದ ಆಯ್ಕೆಯ ಪಾತ್ರವೆಷ್ಟು ಆಕಸ್ಮಿಕದ ಪಾತ್ರವೆಷ್ಟು, ಮನುಷ್ಯನ ಹತ್ತಿರದ ಪಳೆಯುಳಿಕೆಗಳಲ್ಲಿ ಯಾವುದು ಯಾವುದಕ್ಕೆ ಎಷ್ಟು ಸಮೀಪ ಎಂಬಂಥವನ್ನು ತರಗತಿಯಲ್ಲಿ ಚರ್ಚೆಗಿಡಿ. ವಿಜ್ಞಾನ ತನ್ನ ಅರಿವಿನ ಅಂಚನ್ನು ಒಪ್ಪಿಕೊಳ್ಳುವುದನ್ನು ಕಂಡ ಮಕ್ಕಳು ಅದರ ಗಟ್ಟಿಯಾದ ಭಾಗವನ್ನು ಹೆಚ್ಚು ಗೌರವಿಸುತ್ತಾರೆ.

ಈಗ ನಮ್ಮ ಭಾಷೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕನ್ನಡದಲ್ಲಿ ಈ ಪಾಠ ಮಾಡುವವರಿಗೆ ಪದಗಳೇ ಕಾಲಿಗೆ ತೊಡರುತ್ತವೆ. ‘ವಿಕಾಸವಾದ’ ಎನ್ನುತ್ತೇವೆ. ವಾದ ಎಂದೊಡನೆ ಪ್ರತಿವಾದವೂ ಇರಬೇಕು ಎಂದು ಮನಸ್ಸು ಎದುರುನೋಡುತ್ತದೆ; ಗುರುತ್ವಾಕರ್ಷಣೆಗೆ ಯಾರೂ ಗುರುತ್ವವಾದ ಎನ್ನುವುದಿಲ್ಲ. ಆದ್ದರಿಂದ ತರಗತಿಯಲ್ಲಿ ‘ಜೀವವಿಕಾಸ’ ಎಂದೇ ಬಳಸಿ, ವಿವರಣೆಯ ಚೌಕಟ್ಟನ್ನು ಹೇಳುವಾಗ ‘ಸಿದ್ಧಾಂತ’ ಎನ್ನಿ. ‘ಅದು ಬರೀ ಸಿದ್ಧಾಂತ ತಾನೇ’ ಎಂದು ಯಾರಾದರೂ ಕೇಳಿದರೆ ಆ ಪದದ ಮೂಲ ಅರ್ಥವನ್ನೇ ನೆನಪಿಸಿ: ನಮ್ಮ ತರ್ಕದ ಪರಂಪರೆಯಲ್ಲಿ ಪೂರ್ವಪಕ್ಷವನ್ನು ಪೂರ್ತಿಯಾಗಿ ಮಂಡಿಸಿ, ಅದನ್ನು ಉತ್ತರಿಸಿ, ಆ ಮೇಲೆ ನಿಲ್ಲುವ ತೀರ್ಮಾನಕ್ಕೆ ಸಿದ್ಧಾಂತ ಎಂಬ ಹೆಸರು. ಊಹೆಗೆ ಆ ಹೆಸರಿಲ್ಲ.

‘ವಿಕಾಸ’ ಎಂಬ ಪದದಲ್ಲಿಯೂ ಒಂದು ತೊಡಕಿದೆ. ಅರಳುವುದು, ಏಳಿಗೆ ಹೊಂದುವುದು ಎಂಬ ಅರ್ಥ ಅದರ ಜೊತೆಗೇ ಬರುತ್ತದೆ. ಕೇಳಿದ ಮಗುವಿಗೆ ಜೀವಿಗಳೆಲ್ಲ ಒಂದು ಏಣಿಯನ್ನು ಹತ್ತುತ್ತಿವೆ, ತುದಿಯಲ್ಲಿ ಮನುಷ್ಯ ನಿಂತಿದ್ದಾನೆ ಎಂಬ ಚಿತ್ರ ಮೂಡುತ್ತದೆ. ‘ನಿಸರ್ಗದ ಆಯ್ಕೆ’ ಎಂದಾಗ ಯಾರೋ ಕುಳಿತು ಆರಿಸುತ್ತಿದ್ದಾರೆ ಎನ್ನಿಸುತ್ತದೆ. ‘ಹೊಂದಿಕೊಂಡಿತು’ ಎಂದಾಗ ಪ್ರಾಣಿ ಮನಸ್ಸು ಮಾಡಿ ಬದಲಾಯಿತೆಂಬ ಭಾವನೆ ಬರುತ್ತದೆ. ಪದಗಳನ್ನು ಬದಲಿಸಲು ಹೊರಡಬೇಡಿ. ಪ್ರತಿಯೊಂದಕ್ಕೂ ಎದುರಾಗಿ ಒಂದು ಗಟ್ಟಿಯಾದ ಉದಾಹರಣೆಯನ್ನು ನಿಲ್ಲಿಸಿ.

ನಾನು ಯಾವಾಗಲೂ ಬಳಸುವ ಉದಾಹರಣೆ ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಸಮೂಹದ ಡಾಫ್ನೆ ಮೇಜರ್ ಎಂಬ ಚಿಕ್ಕ ದ್ವೀಪದ್ದು. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್ಮೆರಿ ಗ್ರಾಂಟ್ ದಂಪತಿ 1973ರಿಂದ ದಶಕಗಳ ಕಾಲ ಅಲ್ಲಿನ ಫಿಂಚ್ ಹಕ್ಕಿಗಳನ್ನು ಹಿಡಿದು, ಕೊಕ್ಕನ್ನು ಅಳೆದು, ಗುರುತಿನ ಉಂಗುರ ತೊಡಿಸಿ ಬಿಡುತ್ತ ಬಂದರು. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಮೆದು ಬೀಜಗಳು ಬೇಗನೆ ಮುಗಿದು, ದೊಡ್ಡ ಗಟ್ಟಿ ಬೀಜಗಳಷ್ಟೇ ಉಳಿದವು. ಅವನ್ನು ಒಡೆಯಬಲ್ಲ ದಪ್ಪ ಕೊಕ್ಕಿನ ಹಕ್ಕಿಗಳು ಹೆಚ್ಚಾಗಿ ಬದುಕಿದವು, ಬಹುಪಾಲು ಉಳಿದವು ಸತ್ತವು. ಕೊಕ್ಕಿನ ದಪ್ಪ ತಂದೆತಾಯಿಯಿಂದ ಮರಿಗಳಿಗೆ ಬರುವ ಗುಣವಾದ್ದರಿಂದ ಮುಂದಿನ ಪೀಳಿಗೆಯ ಸರಾಸರಿ ಕೊಕ್ಕು ಅಳೆದು ತೋರಿಸುವಷ್ಟು ದಪ್ಪವಾಯಿತು. ಯಾವ ಹಕ್ಕಿಯೂ ತನ್ನ ಕೊಕ್ಕನ್ನು ಬೆಳೆಸಿಕೊಳ್ಳಲಿಲ್ಲ. ಆರಿಸಲು ಯಾರೂ ಕುಳಿತಿರಲಿಲ್ಲ. ಪಾಠದ ಜೀವಾಳ ಇರುವುದು ಮುಂದಿನ ಭಾಗದಲ್ಲಿ. 1982–83ರ ಎಲ್ ನಿನ್ಯೊ (ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಹವಾಮಾನ ಏರುಪೇರಾಗುವುದು) ಭಾರಿ ಮಳೆ ತಂದು, ದ್ವೀಪದ ತುಂಬ ಸಣ್ಣ ಬೀಜದ ಗಿಡಗಳು ಹರಡಿದ ಮೇಲೆ, ಸಣ್ಣ ಕೊಕ್ಕಿನ ಹಕ್ಕಿಗಳಿಗೇ ಮೇಲುಗೈಯಾಯಿತು. ಹೋದ ದಿಕ್ಕಿಗೆ ಎದುರಾಗಿ ತಿರುಗಿದ್ದನ್ನು ಏಳಿಗೆ ಎನ್ನಲು ಬರುವುದಿಲ್ಲ. ಏಣಿಯ ಚಿತ್ರ ಮಕ್ಕಳ ಮನಸ್ಸಿನಿಂದ ಕಳಚಿಬೀಳುವುದು ಇಲ್ಲಿ.

ಹಾಗಾಗಿ ಪಾಠದ ಕ್ರಮ ಹೀಗಿರಲಿ ಎಂಬುದು ನನ್ನ ಅನುಭವದ ಸಲಹೆ: ಕಣ್ಣೆದುರಿನದು ಮೊದಲು, ಮನುಷ್ಯ ಕೊನೆಗೆ, ಆದರೆ ಮನುಷ್ಯ ಖಂಡಿತವಾಗಿ. ಚಾರ್ಲ್ಸ್ ಡಾರ್ವಿನ್ ನಿಸರ್ಗದ ಆಯ್ಕೆಯ ಸಿದ್ಧಾಂತ ಮಂಡಿಸಿದ ತಮ್ಮ 1859ರ ಗ್ರಂಥವನ್ನು ಆರಂಭಿಸಿದ್ದು ಸಾಕುಪ್ರಾಣಿಗಳಲ್ಲಿ, ಅದರಲ್ಲಿಯೂ ಪಾರಿವಾಳಗಳಲ್ಲಿ, ಸಾಕುವವರು ತಂದ ಬದಲಾವಣೆಗಳಿಂದ. ಮನುಷ್ಯನ ಮೂಲವನ್ನು ವಿಸ್ತಾರವಾಗಿ ಬರೆದದ್ದು 1871ರಲ್ಲಿ. ಅವರ ಆ ಎಚ್ಚರಿಕೆಯಲ್ಲಿ ಶಿಕ್ಷಕರು ಕಲಿಯಬೇಕಾದದ್ದಿದೆ. ಸಾಕುಪ್ರಾಣಿಗಳ ನಂತರ ರೋಗಾಣುಗಳಿಗೆ ಬನ್ನಿ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿಯೇ, ಸಾಲದಷ್ಟು ಪ್ರಮಾಣದ ಔಷಧ ಕೊಟ್ಟರೆ ಅದಕ್ಕೆ ಬಗ್ಗದ ಸೂಕ್ಷ್ಮಜೀವಿಗಳು ಉಳಿದುಕೊಳ್ಳುತ್ತವೆ ಎಂದು ಎಚ್ಚರಿಸಿದ್ದರು. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಮನಬಂದಂತೆ ನುಂಗಬಾರದೇಕೆ ಎಂಬುದು ಜೀವವಿಕಾಸದ ಪಾಠವೇ. ಯಾವ ಮನೆಯವರೂ ಇದಕ್ಕೆ ಆಕ್ಷೇಪಿಸಿದ್ದನ್ನು ನಾನು ಕಂಡಿಲ್ಲ.

‘ಕೋತಿ ಮನುಷ್ಯನಾದದ್ದನ್ನು ಯಾರು ನೋಡಿದ್ದಾರೆ?’ ಎಂಬ ಪ್ರಶ್ನೆ ಆ ಮೇಲೆ ಬರುತ್ತದೆ, ಬರಲೇಬೇಕು. ಇದು ಮಕ್ಕಳಷ್ಟೇ ಕೇಳುವ ಪ್ರಶ್ನೆಯಲ್ಲ. 2018ರ ಜನವರಿಯಲ್ಲಿ ಭಾರತದ ಕೇಂದ್ರ ಸಚಿವರೊಬ್ಬರು ಇದೇ ಕಾರಣ ಕೊಟ್ಟು ಪಠ್ಯದಲ್ಲಿ ಬದಲಾವಣೆಯಾಗಬೇಕೆಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆಯಬೇಕಾಯಿತು. ಈ ಪ್ರಶ್ನೆಯಲ್ಲಿ ಎರಡು ತಪ್ಪುಗಳು ಹೆಣೆದುಕೊಂಡಿವೆ, ಒಂದೊಂದಾಗಿ ಬಿಡಿಸಿ. ಇಂದಿನ ಕೋತಿ ನಮ್ಮ ಪೂರ್ವಜ ಎಂದು ವಿಜ್ಞಾನ ಹೇಳುವುದಿಲ್ಲ. ನಾನೂ ನನ್ನ ದೊಡ್ಡಪ್ಪನ ಮಗನೂ ಒಬ್ಬ ಅಜ್ಜನ ಮೊಮ್ಮಕ್ಕಳು. ನಾನು ಹುಟ್ಟಿದೆನೆಂದು ಅವನು ಇಲ್ಲವಾಗಬೇಕಾಗಿಲ್ಲ, ಅವನಿಂದ ನಾನು ಹುಟ್ಟಲೂ ಇಲ್ಲ. ಚಿಂಪಾಂಜಿ ಮತ್ತು ಮನುಷ್ಯರ ಸಮಾನ ಪೂರ್ವಜರು ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಇದ್ದರು. ‘ಮಂಗನಿಂದ ಮಾನವ’ ಎಂಬ ಪ್ರಾಸ ನಾಲಿಗೆಗೆ ಹಿತವಾಗಿದ್ದರೂ ತರಗತಿಯಿಂದ ಅದನ್ನು ದೂರವಿಡಿ, ಅದು ಮಾಡಿರುವ ಹಾನಿ ಕಡಿಮೆಯದಲ್ಲ.

ಎರಡನೆಯದು ‘ನೋಡುವುದು’ ಎಂದರೇನು ಎಂಬುದು. ಕಳ್ಳತನವನ್ನು ಯಾರೂ ಕಾಣದಿದ್ದರೂ ಹೆಜ್ಜೆಗುರುತು, ಬೆರಳಚ್ಚುಗಳಿಂದ ಕಳ್ಳನನ್ನು ಹಿಡಿಯುತ್ತಾರೆ ಎಂಬ ಹೋಲಿಕೆ ಎಲ್ಲರಿಗೂ ಗೊತ್ತು. ಅದಕ್ಕಿಂತಲೂ ಬಲವಾದದ್ದು ಮುಂಚಿತವಾಗಿ ಹೇಳಿ ಹುಡುಕಿದ ಉದಾಹರಣೆ. ಮೀನುಗಳಿಂದ ನಾಲ್ಕು ಕಾಲಿನ ಪ್ರಾಣಿಗಳು ಬಂದಿದ್ದರೆ ನಡುವಿನ ಜೀವಿಯ ಕುರುಹು ಒಂದು ನಿರ್ದಿಷ್ಟ ಕಾಲದ ಬಂಡೆಗಳಲ್ಲಿ ಇರಬೇಕೆಂದು ಲೆಕ್ಕಹಾಕಿ, ಪಳೆಯುಳಿಕೆ ವಿಜ್ಞಾನಿ ನೀಲ್ ಶುಬಿನ್ ಮತ್ತು ಸಂಗಡಿಗರು ಸುಮಾರು 37.5 ಕೋಟಿ ವರ್ಷ ಹಳೆಯ ಪದರಗಳಿರುವ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಹುಡುಕಿದರು. 2004ರಲ್ಲಿ ಸಿಕ್ಕಿತು: ಮೀನಿನ ಹುರುಪೆಗಳು, ಮೀನಿನ ಈಜುರೆಕ್ಕೆಗಳು, ಆದರೆ ರೆಕ್ಕೆಯೊಳಗೆ ಮಣಿಕಟ್ಟನ್ನು ಹೋಲುವ ಮೂಳೆಗಳು, ಆಚೀಚೆ ತಿರುಗಿಸಬಲ್ಲ ಕುತ್ತಿಗೆ. ಅದಕ್ಕೆ ಟಿಕ್ಟಾಲಿಕ್ ಎಂದು ಹೆಸರಿಟ್ಟರು. ಎಲ್ಲಿ, ಯಾವ ಪದರದಲ್ಲಿ ಹುಡುಕಬೇಕೆಂದು ಹೇಳಿಕೊಟ್ಟದ್ದೇ ಸಿದ್ಧಾಂತ.

ಮನುಷ್ಯನ ವಿಷಯಕ್ಕೆ ನಾನು ಪಳೆಯುಳಿಕೆಗಿಂತ, ಜೀವಕೋಶದೊಳಗೆ ಆನುವಂಶಿಕ ಮಾಹಿತಿ ಹೊತ್ತಿರುವ ವರ್ಣತಂತುಗಳನ್ನು (ಕ್ರೋಮೋಸೋಮ್) ಆರಿಸುತ್ತೇನೆ, ಏಕೆಂದರೆ ಆಧಾರ ಪ್ರತಿ ಮಗುವಿನ ದೇಹದಲ್ಲಿಯೇ ಇದೆ. ಚಿಂಪಾಂಜಿ, ಗೊರಿಲ್ಲ, ಒರಾಂಗುಟನ್‌ಗಳಿಗೆ 24 ಜೋಡಿ ವರ್ಣತಂತುಗಳು, ನಮಗೆ 23 ಜೋಡಿ. ಸಮಾನ ಪೂರ್ವಜರಿದ್ದರೆ ಒಂದು ಜೋಡಿ ಎಲ್ಲಿ ಹೋಯಿತು? ಇಡೀ ಜೋಡಿ ಕಳೆದುಹೋದರೆ ಜೀವಿ ಉಳಿಯದು. ಹಾಗಾದರೆ ಎರಡು ಬೆಸೆದುಕೊಂಡಿರಬೇಕು. ಬೆಸೆದಿದ್ದರೆ ಗುರುತೂ ಇರಬೇಕು. ವರ್ಣತಂತುವಿನ ತುದಿಗಳಲ್ಲಿ ಮಾತ್ರ ಇರಬೇಕಾದ ವಿಶಿಷ್ಟ ಸರಣಿ ನಮ್ಮ 2ನೇ ವರ್ಣತಂತುವಿನ ಒಳಭಾಗದಲ್ಲಿ, ತುದಿಗೆ ತುದಿ ಕೂಡಿಸಿದಂತೆ, ಎದುರುಬದುರಾಗಿ ಕುಳಿತಿರುವುದನ್ನು 1991ರಲ್ಲಿ ವರದಿ ಮಾಡಿದರು. ಕೆಲಸ ನಿಲ್ಲಿಸಿದ ಎರಡನೇ ಕೇಂದ್ರಭಾಗದ (ಪ್ರತಿ ವರ್ಣತಂತುವಿಗೂ ಒಂದೇ ಇರುವ ಸೆಂಟ್ರೊಮಿಯರ್) ಅವಶೇಷವೂ ಅಲ್ಲಿದೆ. ಈ ಪಾಠವನ್ನು ಒಗಟಿನಂತೆ ಮುಂದಿಟ್ಟು, ಉತ್ತರವನ್ನು ಮಕ್ಕಳೇ ಊಹಿಸಲು ಒಂದು ಇಡೀ ಅವಧಿ ಬಿಟ್ಟುಕೊಡಿ. ಡೋವರ್ ನ್ಯಾಯಾಲಯದಲ್ಲಿ ಮಿಲ್ಲರ್ ವಿವರಿಸಿದ ಆಧಾರಗಳಲ್ಲಿ ಇದೂ ಒಂದು.

ಇಷ್ಟಾದರೂ ಉಳಿಯುವುದು ಭಯ. ‘ನಾವೂ ಪ್ರಾಣಿಗಳೇ ಎಂದು ಕಲಿಸಿದರೆ ಮಕ್ಕಳು ಪ್ರಾಣಿಗಳಂತೆ ನಡೆದುಕೊಳ್ಳುವುದಿಲ್ಲವೇ’ ಎಂಬ ಪೋಷಕರ ಮಾತನ್ನು ದಯವಿಟ್ಟು ಅಜ್ಞಾನವೆಂದು ತಳ್ಳಿಹಾಕಬೇಡಿ. ಸ್ಕೋಪ್ಸ್ ಮೊಕದ್ದಮೆಯಲ್ಲಿ ಸರಕಾರದ ಪರ ನಿಂತ ರಾಜಕಾರಣಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್‌ರ ವಿರೋಧದ ಹಿಂದೆ ಧರ್ಮಶ್ರದ್ಧೆಯ ಜೊತೆಗೆ, ಬಲಿಷ್ಠರೇ ಬದುಕಬೇಕೆಂಬ ವಿಚಾರವು ಬಡವರನ್ನು ತುಳಿಯಲು ನೆಪವಾಗುತ್ತದೆ ಎಂಬ ಆತಂಕವೂ ಇತ್ತು. ಆ ಆತಂಕಕ್ಕೆ ಆಧಾರವಿತ್ತು: ಸ್ಕೋಪ್ಸ್ ಬಳಸಿದ ಪಠ್ಯಪುಸ್ತಕವೇ ಮನುಷ್ಯ ಜನಾಂಗಗಳನ್ನು ಮೇಲುಕೀಳಾಗಿ ವರ್ಗೀಕರಿಸಿತ್ತು, ‘ಸುಸಂತಾನ’ದ ಹೆಸರಿನಲ್ಲಿ ಕೆಲವು ಕುಟುಂಬಗಳ ಸಂತತಿಯನ್ನು ತಡೆಯಬೇಕೆಂಬ ವಿಚಾರವನ್ನು ಬೆಂಬಲಿಸಿತ್ತು. ಆ ವಿಚಾರದಿಂದ ಪ್ರೇರಿತವಾದ ಕಾಯಿದೆಗಳಡಿ ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರನ್ನು ಬಲವಂತವಾಗಿ ಸಂತಾನಹೀನರನ್ನಾಗಿ ಮಾಡಲಾಯಿತು. ಇದನ್ನು ಮುಚ್ಚಿಡುವ ಶಿಕ್ಷಕರ ಮಾತಿಗೆ ಬೆಲೆ ಬರುವುದಿಲ್ಲ. ಮುಂದುವರಿದ ಕಥೆಯನ್ನೂ ಹೇಳಿ: ‘ಸಮರ್ಥರ ಉಳಿವು’ ಎಂಬ ನುಡಿಯನ್ನು ಮೊದಲು ಬಳಸಿದ್ದು ಡಾರ್ವಿನ್ ಅಲ್ಲ, ತತ್ತ್ವಚಿಂತಕ ಹರ್ಬರ್ಟ್ ಸ್ಪೆನ್ಸರ್, 1864ರಲ್ಲಿ, ಡಾರ್ವಿನ್ ಅದನ್ನು ತಮ್ಮ ಗ್ರಂಥದ 1869ರ ಆವೃತ್ತಿಗೆ ಸೇರಿಸಿಕೊಂಡರು. ಮತ್ತು ಜನಾಂಗದ ಮೇಲುಕೀಳಿನ ಬೇರನ್ನು ಅಲುಗಾಡಿಸಿದ್ದೂ ಇದೇ ವಿಜ್ಞಾನ. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್, ಮನುಷ್ಯರ ಆನುವಂಶಿಕ ವ್ಯತ್ಯಾಸದ ಸುಮಾರು ಶೇಕಡಾ 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇದೆ, ಸಮುದಾಯಗಳ ನಡುವಿನ ಪಾಲು ಬಹಳ ಕಡಿಮೆ ಎಂದು ತೋರಿಸಿದರು. ನಾವು ಎಲ್ಲಿಂದ ಬಂದೆವು ಎಂಬುದನ್ನು ಜೀವಶಾಸ್ತ್ರ ಹೇಳುತ್ತದೆ. ಹೇಗೆ ಬದುಕಬೇಕೆಂಬುದನ್ನು ಅದರಿಂದ ತೆಗೆಯಲು ಹೊರಟವರೆಲ್ಲ, ಪರವಾಗಿಯಾಗಲಿ ವಿರೋಧವಾಗಿಯಾಗಲಿ, ಎಡವಿದ್ದಾರೆ.

ನಾನು ಪಾಠ ಹೇಳಲು ತೊಡಗಿದ ಮೊದಲ ವರ್ಷಗಳಲ್ಲಿ ಹುಡುಗನೊಬ್ಬ ತನ್ನ ಅಜ್ಜ ಹೇಳಿದ ಸೃಷ್ಟಿಯ ಕಥೆಯನ್ನು ತರಗತಿಯಲ್ಲಿ ಹೇಳಿದಾಗ, ಎಲ್ಲರೂ ನಗುವಂತೆ ಉತ್ತರ ಕೊಟ್ಟಿದ್ದೆ. ಅವನು ಆ ವರ್ಷ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಉತ್ತರಪತ್ರಿಕೆಯಲ್ಲಿ ಎಲ್ಲವನ್ನೂ ಸರಿಯಾಗಿಯೇ ಬರೆದಿದ್ದ, ಆದರೆ ಒಂದು ಮಾತನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಾಯಿತು. ವಿಜ್ಞಾನವೋ ಅಜ್ಜನೋ ಎಂದು ಆರಿಸಿಕೊಳ್ಳಬೇಕಾದ ಸ್ಥಿತಿಗೆ ತಂದರೆ ಮಗು ಅಜ್ಜನನ್ನೇ ಆರಿಸಿಕೊಳ್ಳುತ್ತದೆ, ಅದು ಸಹಜ. ಅಂಥ ಆಯ್ಕೆಯನ್ನು ಅವನ ಮುಂದಿಟ್ಟದ್ದು ನನ್ನ ತಪ್ಪು.

ಇನ್ನೊಂದು ಬಗೆಯ ಮಾತು ನಿಮ್ಮ ಮುಂದೆ ಬರಬಹುದು, ಮೇಲುನೋಟಕ್ಕೆ ಅದು ಬೆಂಬಲದಂತೆ ಕಾಣುತ್ತದೆ: ‘ಇದೆಲ್ಲ ನಮ್ಮ ಗ್ರಂಥಗಳಲ್ಲಿ ಮೊದಲೇ ಇದೆ.’ ಜಗತ್ತಿನ ಹಲವು ಧರ್ಮಗಳ ಅನುಯಾಯಿಗಳು ಹೀಗೆ ಹೇಳುತ್ತಾರೆ, ಮತ್ತು ಜಗಳ ತಪ್ಪಿತೆಂದು ಶಿಕ್ಷಕರು ತಲೆಯಾಡಿಸುವ ಆಸೆಗೆ ಬೀಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಾಗೆ ಒಪ್ಪಿದಾಗ ವಿಜ್ಞಾನದ ತೀರ್ಮಾನಕ್ಕೆ ಗ್ರಂಥ ಸಾಕ್ಷಿಯಾಗುತ್ತದೆ. ನಾಳೆ ಹೊಸ ಆಧಾರದಿಂದ ವಿವರಗಳು ಬದಲಾದರೆ ಗ್ರಂಥವನ್ನೂ ತಿದ್ದಬೇಕಾಗುತ್ತದೆ, ಇಲ್ಲವೇ ಆಧಾರವನ್ನು ಮುಚ್ಚಬೇಕಾಗುತ್ತದೆ. ಪುರಾಣದ ಕಥೆಗಳು ಬೇರೆ ಪ್ರಶ್ನೆಗಳನ್ನು ಎತ್ತಿಕೊಂಡು ಹುಟ್ಟಿದವು, ಅವುಗಳ ಘನತೆಗೆ ಪಳೆಯುಳಿಕೆಗಳ ಆಸರೆ ಬೇಕಿಲ್ಲ ಎಂದು ಸೌಜನ್ಯದಿಂದ ಹೇಳಿ ಮುಂದುವರಿಯಿರಿ.

ನಂಬಿಕೆಯುಳ್ಳ ವಿಜ್ಞಾನಿಗಳ ಬಗ್ಗೆ ಹೇಳುವುದು ಇದಕ್ಕಿಂತ ಬೇರೆ. ಅದು ವ್ಯಾಖ್ಯಾನವಲ್ಲ, ಸಂಗತಿ. ಡಾರ್ವಿನ್‌ರ ಪರವಾಗಿ ಅಮೆರಿಕದಲ್ಲಿ ಮೊದಲು ನಿಂತ ಸಸ್ಯವಿಜ್ಞಾನಿ ಏಸಾ ಗ್ರೇ ಶ್ರದ್ಧಾವಂತ ಕ್ರೈಸ್ತರು. ಜೀವವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ತಳಿವಿಜ್ಞಾನಿ ತಿಯೊಡೋಸಿಯಸ್ ಡೊಬ್ಜಾನ್‌ಸ್ಕಿ ದೇವರನ್ನು ನಂಬಿದವರು. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಕೂಡ ಹಾಗೆಯೇ. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ, ಜೀವವಿಕಾಸದ ಸಿದ್ಧಾಂತವು ಕೇವಲ ಊಹೆಗಿಂತ ಹೆಚ್ಚಿನದು ಎಂದರು. ಇಂಥ ಉದಾಹರಣೆಗಳನ್ನು ಪಾಠದಲ್ಲಿ ಸೇರಿಸಿದಾಗ ವಿದ್ಯಾರ್ಥಿಗಳಿಗೆ ಧರ್ಮಕ್ಕೂ ಜೀವವಿಕಾಸಕ್ಕೂ ಘರ್ಷಣೆಯಿದೆ ಎಂಬ ಭಾವನೆ ಕಡಿಮೆಯಾಗುತ್ತದೆ ಎಂದು ಜೀವಶಾಸ್ತ್ರ ಶಿಕ್ಷಣದ ಸಂಶೋಧಕರಾದ ಎಲಿಜಬೆತ್ ಬಾರ್ನ್ಸ್ ಮತ್ತು ಸಾರಾ ಬ್ರೌನೆಲ್ ಅವರ ಅಧ್ಯಯನಗಳು ತೋರಿಸಿವೆ. ನಂಬದ ವಿಜ್ಞಾನಿಗಳೂ ಬಹಳ ಮಂದಿ ಇದ್ದಾರೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ, ಇಲ್ಲವಾದರೆ ಅರ್ಧಸತ್ಯವಾಗುತ್ತದೆ.

ಪೋಷಕರನ್ನು ಮುಂದಿನ ವರ್ಷ ಪಾಠಕ್ಕೆ ಮುಂಚೆಯೇ ಕರೆಯಿರಿ, ಆಕ್ಷೇಪ ಬಂದ ಮೇಲೆ ಕರೆಯುವುದು ಬೇಡ. ಪಠ್ಯಪುಸ್ತಕದ ಪುಟಗಳನ್ನೂ ಪರೀಕ್ಷೆಯ ಮಾದರಿ ಪ್ರಶ್ನೆಗಳನ್ನೂ ಅವರ ಕೈಗೆ ಕೊಡಿ. ‘ಮನುಷ್ಯ ಹೇಗೆ ಹುಟ್ಟಿದನೆಂದು ನೀವು ನಂಬುತ್ತೀರಿ?’ ಎಂಬ ಪ್ರಶ್ನೆ ಅಲ್ಲಿ ಇರಕೂಡದು. ‘2ನೇ ವರ್ಣತಂತು ಸಮಾನ ಪೂರ್ವಜರಿಗೆ ಹೇಗೆ ಆಧಾರವಾಗುತ್ತದೆ ಎಂಬುದನ್ನು ವಿವರಿಸಿ’ ಎಂಬುದಿರಲಿ. ಹೆಚ್ಚಿನವರು ಸಮಾಧಾನಗೊಳ್ಳುತ್ತಾರೆ. ಕೆಲವರು ಒಪ್ಪುವುದಿಲ್ಲ, ಅವರ ಮಗುವನ್ನು ತರಗತಿಯಲ್ಲಿ ಗುರಿಮಾಡುವುದಿಲ್ಲ ಎಂಬ ಭರವಸೆ ಕೊಟ್ಟು, ಪಾಠ ಮಾತ್ರ ಬಿಡುವುದಿಲ್ಲ ಎಂದು ವಿನಯದಿಂದಲೇ ಹೇಳಬೇಕಾಗುತ್ತದೆ.

ಮುಖ್ಯಶಿಕ್ಷಕರ ಬಳಿ ಒಬ್ಬರೇ ಹೋಗಬೇಡಿ, ವಿಜ್ಞಾನದ ಇತರ ಶಿಕ್ಷಕರನ್ನು ಜೊತೆಗೆ ಕರೆದೊಯ್ಯಿರಿ. ಡೋವರ್‌ನ ಶಿಕ್ಷಕರಿಗೆ ಬಲ ಬಂದದ್ದು ಅವರು ಒಟ್ಟಾಗಿ ನಿಂತದ್ದರಿಂದ. 2006ರಲ್ಲಿ 60ಕ್ಕೂ ಹೆಚ್ಚು ದೇಶಗಳ ವಿಜ್ಞಾನ ಅಕಾಡೆಮಿಗಳು ಜೀವವಿಕಾಸದ ಬೋಧನೆಯನ್ನು ಬೆಂಬಲಿಸಿ ಜಂಟಿ ಹೇಳಿಕೆ ನೀಡಿದವು. ಅದನ್ನು ಅವರ ಮುಂದಿಡಿ. ಪಠ್ಯದಿಂದಲೇ ಪಾಠವನ್ನು ತೆಗೆದ ಕಡೆ ಶಿಕ್ಷಕರ ಕೆಲಸ ಹೆಚ್ಚು ಕಷ್ಟದ್ದು. ಟರ್ಕಿ 2017ರಲ್ಲಿ ಪ್ರೌಢಶಾಲೆಯ ಪಠ್ಯಕ್ರಮದಿಂದ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಭಾರತದಲ್ಲಿ ಎನ್‌ಸಿಇಆರ್‌ಟಿ, ಮಕ್ಕಳ ಹೊರೆ ಇಳಿಸುವ ಕಾರಣ ಕೊಟ್ಟು, ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದದ್ದನ್ನು ವಿರೋಧಿಸಿ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು, ಇತರರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಅದು ಉಳಿದಿದೆ ಎಂಬ ಸಮಜಾಯಿಷಿ ನಿಜವಾದರೂ, ಆ ಹೊತ್ತಿಗೆ ಜೀವಶಾಸ್ತ್ರವನ್ನು ಆಯ್ದುಕೊಳ್ಳದ ಮಕ್ಕಳಿಗೆ ಅದು ತಲುಪುವುದೇ ಇಲ್ಲ. ನಿಮ್ಮ ಪುಸ್ತಕದಲ್ಲಿ ಪಾಠ ಇನ್ನೂ ಇದೆ. ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಿ.

ಕೊನೆಯದಾಗಿ ಆ ಹುಡುಗಿಯ ಪ್ರಶ್ನೆ. ಅವಳು ಕೇಳಿದ್ದು ನಿಮ್ಮ ಧರ್ಮವನ್ನು ಎಂದು ನನಗೆ ತೋರುವುದಿಲ್ಲ. ಈ ಪಾಠವನ್ನು ಒಪ್ಪಿದರೆ ತಾನು ಏನನ್ನು ಕಳೆದುಕೊಳ್ಳಬೇಕಾದೀತು ಎಂದು ಅವಳು ತಿಳಿಯಬಯಸುತ್ತಿದ್ದಾಳೆ. ನಂಬುತ್ತೇನೆ ಎಂದರೆ ನಂಬದ ಮಕ್ಕಳಿಗೆ, ನಂಬುವುದಿಲ್ಲ ಎಂದರೆ ನಂಬುವ ಮಕ್ಕಳಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಆದ್ದರಿಂದ ಮುಂದಿನ ತರಗತಿಯಲ್ಲಿ ನೀವಾಗಿಯೇ ಆ ಮಾತನ್ನು ತೆಗೆದು, ‘ನೀನು ಕೇಳಿದ ಪ್ರಶ್ನೆಯ ಬಗ್ಗೆ ಯೋಚಿಸಿದೆ. ನನ್ನ ನಂಬಿಕೆ ನನ್ನ ಮನೆಯದು, ಅದರ ಮೇಲೆ ಈ ಪಾಠ ನಿಂತಿಲ್ಲ. ಇದನ್ನು ಕಲಿತ ಮೇಲೂ ದೇವರನ್ನು ನಂಬಿದವರಿದ್ದಾರೆ, ನಂಬದವರೂ ಇದ್ದಾರೆ. ಆ ದಾರಿಯನ್ನು ನೀನು ನಿನ್ನ ಮನೆಯವರೊಡನೆ, ನಿನ್ನ ಕಾಲದಲ್ಲಿ, ನಿಧಾನವಾಗಿ ಹುಡುಕಿಕೊಳ್ಳಬಹುದು’ ಎಂದು ಹೇಳಿ. ಅವಳಿಗೆ ಇನ್ನೂ ಕೇಳುವುದಿದ್ದರೆ ಕೇಳಲು ಬಿಡಿ. ಆ ಮೇಲೆ ಕಪ್ಪುಹಲಗೆಯ ಮೇಲೆ 24 ಮತ್ತು 23 ಎಂದು ಬರೆದು, ಉಳಿದ ಒಂದು ಜೋಡಿ ಎಲ್ಲಿ ಹೋಗಿರಬಹುದೆಂದು ಅವಳನ್ನೇ ಕೇಳಿ.